ಓಆರ್ ಓದೋ ಹುಡುಗ್ರು ಮೈನರ್‌ಗೆ ಕಂಪ್ಯೂಟರ್ ಸೈನ್ಸೇ ತಗೋಬೇಕಂತ ಯಾರ್ ಹೇಳಿದ್ರಿ?

ಸಂಪಾದಕರಿಗೆ ನಮಸ್ಕಾರ್ರಿ.

ಅಡ್ಮಿಷನ್ ಟೈಮ್ ಬಂತಂದ್ರ ಯಾವ ಕಾಲೇಜು, ಯಾವ ಬ್ರ್ಯಾಂಚು, ಎಷ್ಟು ರ‍್ಯಾಂಕಿಗೆ ಸೀಟು ಅನ್ನೋ ಸುದ್ದಿ ನಿಮ್ಮ ಪೇಪರ್‌ನಾಗ ದಿನಾ ಬರತೈತಿ, ಒಳ್ಳೇದ ಆತು, ಆದ್ರ ಸೀಟ್ ಸಿಕ್ಕು ಒಂದೆರಡು ಸೆಮಿಸ್ಟರ್ ಆದ ಮ್ಯಾಲ ಮೈನರ್, ಅಂದ್ರ ಮುಖ್ಯ ವಿಷಯದ (ಮೇಜರ್) ಜೊತಿಗೆ ಓದೋ ಎರಡನೇ ವಿಷಯ, ಆರಿಸ್ಕೋರಿ ಅಂತ ಒಂದು ಫಾರಂ ಕೈಗೆ ಕೊಡತಾರಲ್ಲ, ಅದರ ಬಗ್ಗೆ ಯಾರೂ ಬರಿಯಂಗಿಲ್ಲ. ಹುಡುಗ್ರು ಅದನ್ನ ಕ್ಯಾಂಟೀನ್ ಮುಂದ ನಿಂತು ಗೆಳ್ಯಾ ಏನ್ ತುಂಬ್ಯಾನ ನೋಡಿ ಅದನ್ನ ತುಂಬಿ ಕೊಟ್ಟುಬಿಡತಾರ. ನಾನು ಧಾರವಾಡದಾಗ ಸ್ಟ್ಯಾಟಿಸ್ಟಿಕ್ಸು, ಆಪರೇಷನ್ಸ್ ರಿಸರ್ಚು (ಓಆರ್, ಅಂದ್ರ ಇದ್ದ ಮಂದಿ, ರೊಕ್ಕ, ಹೊತ್ತನ್ನ ಹೆಂಗ ಬಳಸಿದ್ರ ಹೆಚ್ಚು ಉಪಯೋಗ ಅಂತ ಗಣಿತದಿಂದ ಲೆಕ್ಕ ಹಾಕೋ ಶಾಸ್ತ್ರ) ಪಾಠ ಮಾಡಾಕಿ. ನನ್ನ ಕಡೆ ಬರೋ ಹುಡುಗ್ರದ್ದೂ ಅವ್ರ ಅಪ್ಪ-ಅವ್ವಂದೂ ಒಂದ ಪ್ರಶ್ನಿ, ಓಆರ್ ಮೇಜರ್ ಐತ್ರಿ ಮೇಡಮ್, ಜೊತಿಗೆ ಮೈನರ್ ಏನ್ ಕೊಡಸ್ಬೇಕು? ಕೇಳೋದೇನೋ ಕೇಳತಾರ, ಆದ್ರ ಉತ್ತರ ಮನಿಯಿಂದ ಬರೂವಾಗ್ಲೇ ಗಟ್ಟಿ ಮಾಡ್ಕೊಂಡ ಬಂದಿರತಾರ, ಕಂಪ್ಯೂಟರ್ ಸೈನ್ಸ್. ನಾನು ಬ್ಯಾರೆ ಏನರ ಹೇಳಿದ್ರ ಮಾರಿ ಸಣ್ಣದಾಗತೈತಿ.

ನಾ ಹೇಳೋದು ಇಷ್ಟ ಐತ್ರಿ. ಕೋಡಿಂಗ್ ಕಲೀಲೇಬೇಕು, ಅದರಾಗ ಎರಡ ಮಾತಿಲ್ಲ. ಆದ್ರ ಇಡೀ ಮೈನರ್ ಅದಕ್ಕ ಸುರದುಬಿಡಬ್ಯಾಡ್ರಿ. ನಾಳೆ ನೀವು ಎಲ್ಲಿ ಕುಂತು ಯಾರ ಸಮಸ್ಯಾ ಬಿಡಸ್ಬೇಕಂತೀರಿ, ಬಸ್ ಡಿಪೋದ್ದೋ, ಎಪಿಎಂಸಿದ್ದೋ, ದವಾಖಾನಿದ್ದೋ, ಆ ಕಡೆ ವಿಷಯ ಒಂದು ಮೈನರ್‌ನಾಗ ತಗೋರಿ. ಯಾಕ ಅನ್ನೋದನ್ನ ಸ್ವಲ್ಪ ಬಿಡಿಸಿ ಬರಿತೀನಿ, ಉದ್ದ ಆದ್ರೂ ದಯವಿಟ್ಟು ಹಾಕ್ರಿ.

ಮೊದ್ಲ ಈ ಓಆರ್ ಅನ್ನೋದು ಹುಟ್ಟಿದ್ದ ಹೆಂಗ ಅಂತ ನೋಡ್ರಿ. ಎರಡನೇ ಮಹಾಯುದ್ಧದ ಟೈಮ್‌ನಾಗ ಇಂಗ್ಲೆಂಡಿನವ್ರ ಕಡೆ ರೇಡಾರ್ ಇತ್ತು, ವಿಮಾನ ಹೊಡಿಯೋ ತೋಪು ಇದ್ವು, ಆದ್ರ ಇದ್ದದ್ದನ್ನ ಹೆಂಗ ಬಳಸಿದ್ರ ಹೆಚ್ಚು ಉಪಯೋಗ ಅನ್ನೋದು ಗೊತ್ತಾಗವಲ್ದಾಗಿತ್ತು. ಆವಾಗ ಪ್ಯಾಟ್ರಿಕ್ ಬ್ಲ್ಯಾಕೆಟ್ ಅನ್ನೋ ಫಿಸಿಕ್ಸ್ ವಿಜ್ಞಾನಿ ಒಂದು ತಂಡ ಕಟ್ಟಿದ್ರು, ಮಂದಿ ಅದಕ್ಕ ಬ್ಲ್ಯಾಕೆಟ್ ಸರ್ಕಸ್ ಅಂತಿದ್ರು. ಆ ತಂಡದಾಗ ಇದ್ದವ್ರು ಯಾರ ಅಂದ್ರ ಮೂರು ಮಂದಿ ಫಿಸಿಯಾಲಜಿಯವ್ರು, ಅಂದ್ರ ಮನಷ್ಯಾನ ಮೈ ಹೆಂಗ ಕೆಲಸ ಮಾಡತೈತಿ ಅಂತ ಓದಿದವ್ರು, ಒಬ್ಬ ನಕ್ಷತ್ರ ನೋಡೋ ವಿಜ್ಞಾನಿ, ಒಬ್ಬ ಸರ್ವೇಯರ್, ಒಬ್ಬ ಮಿಲಿಟರಿ ಆಫೀಸರ್, ಮೂರು ಮಂದಿ ಫಿಸಿಕ್ಸಿನವ್ರು, ಗಣಿತದವ್ರು ಬರೇ ಇಬ್ರು. ಅದ ಮುಂದ ಹಡಗಿನ ಲೆಕ್ಕಕ್ಕೂ ಬಂತು, ಅಟ್ಲಾಂಟಿಕ್ ದಾಟೋ ಸರಕಿನ ಹಡಗುಗಳನ್ನ ಸಣ್ಣ ಸಣ್ಣ ಗುಂಪಿನಾಗ ಕಳಿಸೋದಕ್ಕಿಂತ ದೊಡ್ಡ ಗುಂಪಿನಾಗ ಕಳಿಸಿದ್ರ ಮುಳುಗೋ ಪ್ರಮಾಣ ಕಡಿಮಿ ಅಂತ ಬ್ಲ್ಯಾಕೆಟ್ಟರ ಮಂದಿ ಲೆಕ್ಕ ಹಾಕಿ ತೋರಿಸಿದ್ರು. ಹಿಂಗ ನಾನಾ ನಮೂನಿ ಓದಿದವ್ರು ಒಂದ ಟೇಬಲ್ಲಿಗೆ ಕುಂತು ಕಟ್ಟಿದ ಶಾಸ್ತ್ರ ಇದು. ಇವತ್ತ ನಾವು ಒಂದ ನಮೂನಿ ಓದಿದ ಹುಡುಗ್ರನ್ನ ಸಾಲಾಗಿ ತಯಾರ್ ಮಾಡಿ ಓಆರ್ ಕಲಿಸಿದ್ವಿ ಅಂತೀವಿ, ನನಗ ಅದು ಸರಿ ಕಾಣವಲ್ದು.

ನಮ್ಮ ದೇಶಕ್ಕೂ ಇದು ಹೊಸಾದಲ್ಲ. 1949ರಾಗ ಹೈದರಾಬಾದಿನ ರೀಜನಲ್ ರಿಸರ್ಚ್ ಲ್ಯಾಬೋರೇಟರಿಯೊಳಗ ಓಆರ್ ವಿಭಾಗ ಶುರು ಆತು, ಕಲ್ಕತ್ತಾದಾಗ ಪಿ.ಸಿ. ಮಹಾಲನೋಬಿಸ್ ಅವ್ರು ಎರಡನೇ ಪಂಚವಾರ್ಷಿಕ ಯೋಜನಾಕ್ಕ ಇದ ನಮೂನಿ ವಿಚಾರ ಬಳಸಿದ್ರು, 1957ರಾಗ ಆಪರೇಷನಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಆತು. ಮಹಾಲನೋಬಿಸ್ ಸ್ಟ್ಯಾಟಿಸ್ಟಿಕ್ಸಿನವ್ರು ಖರೇ, ಆದ್ರ ಸೆಣಬಿನ ಬೆಳಿ ಎಷ್ಟಾಗತೈತಿ ಅಂತ ಅಂದಾಜು ಮಾಡಾಕ ಸರ್ವೇ ಹೊಲದ ಮಟಾ ಒಯ್ದವ್ರು.

ಈಗ ಕಂಪ್ಯೂಟರ್ ಸೈನ್ಸ್ ಮಾತಿಗೆ ಬರ್ತೀನಿ. ಹುಡುಗ್ರ ವಾದದಾಗ ಖರೇ ಇರೋದು ಏನಂದ್ರ, ಇವತ್ತ ಓಆರ್ ಕೆಲಸ ಅಂದ್ರ ಪೈಥಾನ್ ಬರಬೇಕು, ಡೇಟಾಬೇಸ್‌ದಿಂದ ಡೇಟಾ ಎತ್ಕೊಳ್ಳಾಕ ಬರಬೇಕು, ಗುರೋಬಿ, ಸಿಪ್ಲೆಕ್ಸ್, ಇಲ್ಲಾ ಪುಕಟ್ ಸಿಗೋ ಹೈಸ್, ಓಆರ್-ಟೂಲ್ಸ್ ಇಂಥಾ ಸಾಲ್ವರ್ (ಲೆಕ್ಕ ಬಿಡಿಸೋ ಸಾಫ್ಟ್‌ವೇರ್) ಒಂದರ ಜೋಡಿ ಮಾತಾಡಾಕ ಬರಬೇಕು. ಬಂದಿಲ್ಲಂದ್ರ ಇಂಟರ್‌ವ್ಯೂದಾಗ ಮೊದಲನೇ ರೌಂಡೂ ದಾಟಂಗಿಲ್ಲ. ಅಲ್ಗಾರಿದಮ್ ಗೊತ್ತಿರಬೇಕು ಅನ್ನೋದೂ ಖರೇ, 1984ರಾಗ ನರೇಂದ್ರ ಕರ್ಮಾರ್ಕರ್ ಅನ್ನೋ ನಮ್ಮ ಐಐಟಿ ಬಾಂಬೆಯೊಳಗ ಓದಿದವ್ರು ಅಮೆರಿಕಾದ ಬೆಲ್ ಲ್ಯಾಬ್ಸ್‌ನಾಗ ಕುಂತು ಲೀನಿಯರ್ ಪ್ರೋಗ್ರಾಮಿಂಗಿಗೆ, ಅಂದ್ರ ಹಾಕಿದ ಷರತ್ತಿನೊಳಗ ಹೆಚ್ಚು ಲಾಭ ಇಲ್ಲಾ ಕಡಿಮಿ ಖರ್ಚು ಹುಡುಕೋ ಲೆಕ್ಕಕ್ಕ, ಹೊಸಾ ದಾರಿ ಕಂಡುಹಿಡದ್ರು, ಅದು ಕಂಪ್ಯೂಟರ್ ಸೈನ್ಸ್ ಮತ್ತ ಗಣಿತ ಎರಡೂ ಕೂಡಿದ ಕೆಲಸ. ಹಂಗಾಗಿ ಯಾರ ಕೋರ್ಸಿನಾಗ ಪ್ರೋಗ್ರಾಮಿಂಗ್ ಒಂಚೂರೂ ಇಲ್ಲೋ ಅವ್ರು ಸಿಎಸ್ ಮೈನರ್ ತಗೊಳ್ಳಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈಗ ಬಹುತೇಕ ಓಆರ್, ಇಂಡಸ್ಟ್ರಿಯಲ್ ಇಂಜಿನಿಯರಿಂಗ್, ಸ್ಟ್ಯಾಟಿಸ್ಟಿಕ್ಸ್ ಸಿಲೆಬಸ್ ತಗದು ನೋಡ್ರಿ, ಒಂದು ಪ್ರೋಗ್ರಾಮಿಂಗ್ ಪೇಪರ್ರು, ಒಂದು ಡೇಟಾ ಅನಾಲಿಸಿಸ್ ಲ್ಯಾಬು ಇರತೈತಿ. ಅದರ ಮ್ಯಾಲ ಡೇಟಾ ಸ್ಟ್ರಕ್ಚರ್ಸು, ಅಲ್ಗಾರಿದಮ್ಸು, ಡೇಟಾಬೇಸು ಇವು ಮೂರು ಬಿಡಿ ಕೋರ್ಸ್ ಮಾಡಿದ್ರ ಸಾಕು. ಮೈನರ್‌ಗೆ ಅಂತ ಆಪರೇಟಿಂಗ್ ಸಿಸ್ಟಮ್ಸ್, ಕಂಪೈಲರ್, ನೆಟ್‌ವರ್ಕ್ಸ್ ಓದೋದು ಆ ವಿಷಯದ ಮ್ಯಾಲ ಪ್ರೀತಿ ಇದ್ದವ್ರಿಗೆ ಛಲೋ, ರೆಸ್ಯೂಮೆದಾಗ ಒಂದು ಸಾಲು ಬರಲಿ ಅಂತ ಓದಿದ್ರ ಎರಡು ವರ್ಷದ ಸಂಜಿ ಹೊತ್ತು ಹೋಗತೈತಿ ಅಷ್ಟ.

ಮುಂದ ಇದ್ದದ್ದು ನಿಜವಾದ ತ್ರಾಸು. ಸಾಲ್ವರ್‌ಗೆ ಬುದ್ಧಿ ಇರಂಗಿಲ್ರಿ, ನೀವು ಏನು ಹೇಳತೀರಿ ಅದನ್ನ ಅಷ್ಟಕ್ಕಷ್ಟ ಮಾಡತೈತಿ. 1947ರಾಗ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸೋ ಸಿಂಪ್ಲೆಕ್ಸ್ ಮೆಥಡ್ ಕಂಡುಹಿಡದ ಜಾರ್ಜ್ ಡ್ಯಾಂಟ್ಜಿಗ್ ಅವ್ರು ಬರದಿಟ್ಟಾರ, ಅವ್ರು ತಮ್ಮ ತೂಕ ಇಳಿಸ್ಕೊಳ್ಳಾಕ ಅಂತ ಕಂಪ್ಯೂಟರಿಗೆ ಊಟದ ಲೆಕ್ಕ ಹಾಕಾಕ ಕೊಟ್ರಂತ, ಹೊಟ್ಟಿ ತುಂಬಿದಂಗ ಆಗಬೇಕು, ಕ್ಯಾಲರಿ ಕಡಿಮಿ ಇರಬೇಕು, ಹಂಗಾಗಿ ನೀರಿನ ಅಂಶ ಬಿಟ್ಟು ಉಳಿದ ತೂಕ ಹೆಚ್ಚು ಬರೂ ಹಂಗ ಆರಿಸು ಅಂತ. ಉತ್ತರದಾಗ 500 ಗ್ಯಾಲನ್ ವಿನೆಗರ್ ಬಂತು! ಪಟ್ಟಿಯೊಳಗ ವಿನೆಗರ್‌ನ ನೀರಿನ ಅಂಶ ಸೊನ್ನೆ ಅಂತ ಬಿದ್ದಿತ್ತು, ಅದಕ್ಕ. ಅದನ್ನ ತಗದು ಮತ್ತ ಓಡಿಸಿದ್ರ ದಿನಕ್ಕ 200 ಸೂಪಿನ ಬಿಲ್ಲೆ ತಿನ್ನು ಅಂತು. ಅದಕ್ಕೂ ಮೊದ್ಲ 1945ರಾಗ ಜಾರ್ಜ್ ಸ್ಟಿಗ್ಲರ್ ಅನ್ನೋ ಅರ್ಥಶಾಸ್ತ್ರಜ್ಞರು 77 ನಮೂನಿ ಆಹಾರ, 9 ಪೌಷ್ಟಿಕಾಂಶ ಹಿಡದು ಒಬ್ಬ ಮನಷ್ಯಾಗ ವರ್ಷಕ್ಕ ಅತಿ ಕಡಿಮಿ ಖರ್ಚು ಎಷ್ಟು ಅಂತ ಕೈಲೆ ಲೆಕ್ಕ ಹಾಕಿ 39.93 ಡಾಲರ್ ಅಂದಿದ್ರು, ಆಮ್ಯಾಲ ಸಿಂಪ್ಲೆಕ್ಸ್ ಹಚ್ಚಿ ನೋಡಿದಾಗ 39.69 ಬಂತು, ಲೆಕ್ಕ ಅದ್ಭುತ, ಆದ್ರ ಬರೇ ಹಿಟ್ಟು, ಎಲಿಕೋಸು, ಪಾಲಕ, ಒಣ ಕಾಳು, ಲಿವರ್ ಇಷ್ಟರ ಮ್ಯಾಲ ಯಾರ್ ವರ್ಷಾನಗಟ್ಲೆ ಜೀವನಾ ಮಾಡತಾರ? ಅಂಗನವಾಡಿ ಊಟ, ಶಾಲಿ ಬಿಸಿಯೂಟದ ಮೆನು ಇಂಥಾವು ಮಾಡ್ಬೇಕಂದ್ರ ಲೆಕ್ಕದ ಜೋಡಿ ಪೌಷ್ಟಿಕಾಂಶ ಓದಿದ ತಲಿನೂ ಬೇಕು, ಜ್ವಾಳದ ರೊಟ್ಟಿ ತಿನ್ನೋ ಮಂದಿಯ ರುಚಿ ಗೊತ್ತಿರೋ ತಲಿನೂ ಬೇಕು.

ನಮ್ಮ ಕಡೆದ ಒಂದು ಹೇಳ್ತೀನಿ. ಕೊನೇ ಸೆಮಿಸ್ಟರಿನ ಹುಡುಗ್ರು ಒಂದು ಪ್ರಾಜೆಕ್ಟ್ ಮಾಡಿದ್ರು, ಹುಬ್ಬಳ್ಳಿಯಿಂದ ಅಣ್ಣಿಗೇರಿ ಮ್ಯಾಲ ಹಾಸಿ ಗದಗಿಗೆ ಹೋಗೋ ಬಸ್ಸಿಗೆ ಡ್ರೈವರ್-ಕಂಡಕ್ಟರ್ ಡ್ಯೂಟಿ ಹೆಂಗ ಹಂಚಿದ್ರ ಕಡಿಮಿ ಮಂದಿಯೊಳಗ ಎಲ್ಲಾ ಟ್ರಿಪ್ ಆಗತಾವ ಅಂತ. ದಾರಿ ಸುಮಾರು 60 ಕಿಲೋಮೀಟರ್. ಮಾಡೆಲ್ ಚಂದ ಬರದಿದ್ರು, ಪ್ರತಿ ಟ್ರಿಪ್ಪಿಗೂ ಒಬ್ಬ ಇರಲೇಬೇಕು, ಒಬ್ಬಗ 8 ತಾಸಿನ ಮ್ಯಾಲ ಕೆಲಸ ಬೀಳಬಾರ್ದು, ಎಲ್ಲಾ ಹಾಕಿದ್ರು, ಕೋಡ್ ಸೆಕೆಂಡಿನಾಗ ಓಡ್ತು, ಮಂದಿ ಕಡಿಮಿ ಆದ್ರು. ಪ್ರಿಂಟ್ ತಗೊಂಡು ಡಿಪೋದಾಗ ಶೆಡ್ಯೂಲ್ ಹಾಕೋ ಕೆಲಸ ಮಾಡಿ ರಿಟೈರ್ ಆದ ಒಬ್ಬ ಹಿರ್ಯಾರಿಗೆ ತೋರಿಸಾಕ ಹೋದ್ವಿ. ಅವ್ರು ಚಾಳೀಸ್ ಹಾಕ್ಕೊಂಡು ಹಾಳಿ ಮ್ಯಾಲ ಬಟ್ಟಿಟ್ಟು ಒಂದೊಂದ ಸಾಲು ಇಳದು ಬಂದ್ರು, ನಾಕನೇ ಡ್ಯೂಟಿಗೆ ನಿಂತ್ರು. ಮುಂಜಾನಿ 5ರಿಂದ 9, ಮತ್ತ ಸಂಜಿ 5ರಿಂದ 9. "ಕೆಲಸ ಎಂಟ ತಾಸ ಐತಿ ಖರೇ ತಮ್ಮಾ, ಆದ್ರ ಈ ಮನಷ್ಯಾ ಮುಂಜಾನಿ ಐದಕ್ಕ ಬಂದಾವ ರಾತ್ರಿ ಒಂಬತ್ತಕ್ಕ ಮನಿಗೆ ಹೋಗತಾನ, ನಡುವ ಎಲ್ಲಿ ಮಲಗತಾನ?" ಅಂದ್ರು. ಹುಡುಗ್ರ ಹಂತೇಕ ಉತ್ತರ ಇರಲಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ 1961ರದು ಒಂದಿತ್ತು (2025ರಾಗ ಅದರ ಜಾಗಕ್ಕ ಹೊಸಾ ಕಾರ್ಮಿಕ ಸಂಹಿತೆ ಬಂತು), ಅದರಾಗ ದಿನಕ್ಕ 8 ತಾಸು, ವಾರಕ್ಕ 48 ತಾಸು ಅನ್ನೋದರ ಜೋಡಿ ಡ್ಯೂಟಿ ಶುರುವಿನಿಂದ ಕೊನೀಮಟಾ 12 ತಾಸಿನ ಒಳಗ ಮುಗೀಬೇಕು, ದಿನದ ಕೆಲಸ ಎರಡು ತುಂಡಿಗಿಂತ ಹೆಚ್ಚು ಮಾಡಂಗಿಲ್ಲ, ಒಮ್ಮೆಗೆ 5 ತಾಸು ದಾಟೋದ್ರೊಳಗ ಅರ್ಧಾ ತಾಸು ವಿಶ್ರಾಂತಿ ಕೊಡಬೇಕು ಅಂತ ಇದ್ವು. ಇವು ಒಂದೊಂದೂ ಮಾಡೆಲ್‌ನಾಗ ಒಂದೊಂದು ಕನ್‌ಸ್ಟ್ರೇಂಟ್, ಅಂದ್ರ ಮೀರಬಾರದ ಷರತ್ತು. ಇದು ಯಾವ ಓಆರ್ ಪುಸ್ತಕದಾಗೂ ಬರಂಗಿಲ್ಲ, ಕಾರ್ಮಿಕ ಕಾನೂನು ಓದಿದವ್ರಿಗೆ ಮೊದಲನೇ ತಿಂಗಳದಾಗ ಗೊತ್ತಾಗತೈತಿ. ಅವ್ನೆಲ್ಲಾ ಹಾಕಿ ಮತ್ತ ಓಡಿಸಿದಾಗ ಮಂದಿ ಸಂಖ್ಯಾ ಏರಿತು, ಆದ್ರ ಆ ಶೆಡ್ಯೂಲ್ ನಡೀತಿತ್ತು. ಟೈಮ್ ಟೇಬಲ್ ಹಾಕೋ ಕೆಲಸಕ್ಕ ಹೋಗಾಂವ್ಗ ಕಾರ್ಮಿಕ ಕಾನೂನೋ, ಟ್ರಾನ್ಸ್‌ಪೋರ್ಟ್ ಪ್ಲ್ಯಾನಿಂಗೋ ಮೈನರ್ ಇದ್ರ ಎಷ್ಟು ಬಲ ಅಂತ ಅವತ್ತ ಆ ಹುಡುಗ್ರಿಗೆ ನಾನು ಬಾಯಿಬಿಟ್ಟು ಹೇಳೋ ಪ್ರಸಂಗ ಬರಲಿಲ್ಲ.

ಇನ್ನ ಸ್ಟ್ಯಾಟಿಸ್ಟಿಕ್ಸ್. ನನ್ನ ವಿಷಯ ಅಂತ ಹೇಳವಲ್ಲೆ, ಓಆರ್ ಡಿಗ್ರಿ ಗಣಿತದ ಕಡೆ ಭಾಳ ವಾಲಿದ್ರ ಮೊದ್ಲ ಇದನ್ನ ನೋಡ್ರಿ. ಯಾಕಂದ್ರ ಕ್ಲಾಸಿನಾಗ ಬೋರ್ಡ್ ಮ್ಯಾಲ ಬೇಡಿಕಿ 100 ಅಂತ ಬರದಿರತೀವಿ, ಹೊರಗ ಅಂಗಡಿಯೊಳಗ ಯಾರೂ ಬಂದು ನಾಳೆ ಬೇಡಿಕಿ 100 ಐತಿ ಅಂತ ಹೇಳಿ ಹೋಗಂಗಿಲ್ಲ. ದವಾಖಾನಿ ಓಪಿಡಿ ಪಾಳಿ ತಗೋರಿ. ಒಬ್ಬ ಡಾಕ್ಟರು, ಮಂದಿ ತಮಗ ಬೇಕಾದಾಗ ಬರತಾರ, ಒಬ್ಬೊಬ್ಬರಿಗೆ ಒಂದೊಂದು ಟೈಮ್ ಹಿಡಿತೈತಿ. ಅತೀ ಸರಳ ಕ್ಯೂ ಮಾಡೆಲ್ ಹಚ್ಚಿದ್ರ, ಡಾಕ್ಟರು ತಮ್ಮ ಟೈಮಿನ 80 ಪರ್ಸೆಂಟ್ ಕೆಲಸದಾಗ ಇದ್ರ ಸರಾಸರಿ 4 ಮಂದಿ ಅಲ್ಲಿರತಾರ, ಒಳಗ ತೋರಿಸ್ಕೊಳ್ಳಾಕ ಹತ್ತಿದವ್ರನ್ನೂ ಹಿಡದು. 90 ಪರ್ಸೆಂಟಿಗೆ 9 ಮಂದಿ. 95ಕ್ಕ 19 ಮಂದಿ. ಡಾಕ್ಟರ ಕೆಲಸ ಏರಿದ್ದು ಚೂರು, ಪಾಳಿ ಏರಿದ್ದು ನೋಡ್ರಿ! ಡಾಕ್ಟರ್ ಕೈ ಖಾಲಿ ಬಿಡಬಾರ್ದು ಅಂತ ಸಂಪೂರ್ಣ ಬ್ಯುಸಿ ಇಡಾಕ ಹೋದ್ರ ಹಳ್ಳಿಯಿಂದ ಮುಂಜಾನಿ ಮೊದ್ಲ ಬಸ್ಸಿಗೆ ಬಂದ ಅಜ್ಜಿ ಮಧ್ಯಾಹ್ನದಮಟಾ ಬೆಂಚಿನ ಮ್ಯಾಲ ಕುಂತಿರೋದು ಯಾಕಂತ ಈ ಮೂರು ಅಂಕಿ ಹೇಳತಾವ. 1909ರಾಗ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್ ಫೋನ್ ಲೈನಿನ ಸಲುವಾಗಿ ಶುರು ಮಾಡಿದ ಲೆಕ್ಕ ಇವತ್ತ ದವಾಖಾನಿಗೂ ಬರತೈತಿ. ಆದ್ರ ಮಂದಿ ಮುಂಜಾನಿ ಒಮ್ಮೆಲೆ ಬರತಾರೋ, ದಿನಪೂರ್ತಿ ಚದುರಿ ಬರತಾರೋ, ಸಂತಿ ದಿನಾ ಬ್ಯಾರೆ ಇರತೈತೋ ಅಂತ ರಿಜಿಸ್ಟರ್‌ನಿಂದ ಡೇಟಾ ತಗದು ತಿಳ್ಕೊಳ್ಳಾಕ ಬರದಿದ್ರ ಆ ಸೂತ್ರ ಪರೀಕ್ಷೆಯೊಳಗ ಮಾರ್ಕ್ಸಿಗೆ ಅಷ್ಟ. ಮೈನರ್‌ನಾಗ ಸ್ಯಾಂಪ್ಲಿಂಗ್, ರಿಗ್ರೆಷನ್, ಟೈಮ್ ಸೀರೀಸ್, ಸ್ಟೊಕ್ಯಾಸ್ಟಿಕ್ ಪ್ರೊಸೆಸಸ್ ಇವು ನಾಕು ಇದ್ರ ಕಣ್ಣುಮುಚ್ಚಿ ತಗೋರಿ.

ಎಕನಾಮಿಕ್ಸ್ ಅಂದ್ರ ನಮ್ಮ ಇಂಜಿನಿಯರಿಂಗ್ ಹುಡುಗ್ರು ಅದು ಆರ್ಟ್ಸಿನವ್ರ ವಿಷಯ ಅಂತ ಮೂಗು ಮುರಿತಾರ, ನನಗ ಇದರ ಬಗ್ಗೆ ಭಾಳ ಸಂಕಟ ಐತಿ. 1939ರಾಗ ರಷ್ಯಾದ ಕ್ಯಾಂಟರೋವಿಚ್ ಒಂದು ಪ್ಲೈವುಡ್ ಕಾರ್ಖಾನಿ ಕೂಟದವ್ರು ಮಷಿನ್ ಕೆಲಸ ಹೆಂಗ ಹಂಚಬೇಕು ಅಂತ ಕೇಳಿದ್ದಕ್ಕ ಉತ್ತರಾ ಹುಡಕ್ತಾ ಹುಡಕ್ತಾ ಲೀನಿಯರ್ ಪ್ರೋಗ್ರಾಮಿಂಗಿನ ಬುನಾದಿ ಹಾಕಿದ್ರು, 1975ರಾಗ ಅವ್ರಿಗೂ ಕೂಪ್‌ಮನ್ಸ್ ಅವ್ರಿಗೂ ಕೂಡಿ ನೊಬೆಲ್ ಬಂತು, ಬಂದಿದ್ದು ಅರ್ಥಶಾಸ್ತ್ರಕ್ಕ. ಓಆರ್ ಕ್ಲಾಸಿನಾಗ ಡ್ಯುಯಲ್ ಅಂತ ಒಂದು ಬರತೈತಿ, ಅದ ಲೆಕ್ಕಾನ ತಿರುವಿ ಬರಿಯೋದು, ಹುಡುಗ್ರು ಸಾಲು-ಕಂಬ ಅದಲು ಬದಲು ಮಾಡಿ ಬರದು ಬಿಡತಾರ, ಅದರ ಅರ್ಥ ಏನಂತ ಕೇಳಿದ್ರ ಸುಮ್ನಾಗತಾರ. ಅದರ ಅರ್ಥ ಬ್ಯಾಡಗಿ ಮಾರ್ಕೆಟ್ಟಿನಾಗ ಸಿಗತೈತಿ.

ಸೀಜನ್‌ನಾಗ ಮಾರ್ಕೆಟ್ ದಿನ ಹೋಗಿ ನಿಂತ್ರ ಗೊತ್ತಾಗತೈತಿ, ಗೇಟಿನಿಂದ ಹೊರಗಿನ ರೋಡಿನಮಟಾ ಮೆಣಸಿನಕಾಯಿ ಚೀಲದ ಲಾರಿ, ಘಾಟಿಗೆ ಕಣ್ಣಾಗ ನೀರು, ಕಡ್ಡಿ ಒಂದು ಕಡೆ, ಡಬ್ಬಿ ಒಂದು ಕಡೆ, ಗುಂಟೂರು ತಳಿ ಮತ್ತೊಂದು ಕಡೆ ಸುರದಿರತಾರ. ರೈತನ ಮುಂದ ಇರೋದು ಒಂದ ಪ್ರಶ್ನಿ, ಇವತ್ತ ಟೆಂಡರ್‌ಗೆ ಬಿಡ್ಲೋ, ಕೋಲ್ಡ್ ಸ್ಟೋರೇಜ್‌ನಾಗ ಇಟ್ಟು ಎರಡು ತಿಂಗಳು ಕಾಯ್ಲೋ. ಇದು ಪಕ್ಕಾ ಓಆರ್ ಸಮಸ್ಯಾ. ಕೋಲ್ಡ್ ಸ್ಟೋರೇಜ್‌ನಾಗ ಇನ್ನೊಂದು ಚೀಲದ ಜಾಗ ಸಿಕ್ರ ಅವ್ನ ಲಾಭ ಎಷ್ಟು ಹೆಚ್ಚಾಗತೈತಿ ಅನ್ನೋದ ಆ ಜಾಗದ ಶ್ಯಾಡೋ ಪ್ರೈಸ್, ಅದ ಡ್ಯುಯಲ್‌ನಾಗ ಬರೋ ಅಂಕಿ. ಸ್ಟೋರೇಜ್ ಬಾಡಿಗಿ ಅದಕ್ಕಿಂತ ಕಡಿಮಿ ಇದ್ರ ಇಡಬೇಕು, ಹೆಚ್ಚಿದ್ರ ಮಾರಬೇಕು. ಇಷ್ಟು ಎಕನಾಮಿಕ್ಸ್. ಆದ್ರ ಅಷ್ಟಕ್ಕ ಮುಗಿಯಂಗಿಲ್ಲ, ಬ್ಯಾಡಗಿ ಮೆಣಸಿನಕಾಯಿಗೆ ರೇಟ್ ಸಿಗೋದು ಖಾರಕ್ಕಲ್ಲ, ಬಣ್ಣಕ್ಕ, ಅದರಿಂದ ಓಲಿಯೋರೆಸಿನ್ (ಬಣ್ಣದ ಎಣ್ಣಿ ಸಾರ) ತಗಿಯೋ ಕಂಪನಿಗಳು ಕೊಳ್ಳತಾವ, ಥಂಡಿಯೊಳಗ ಇಡದಿದ್ರ ಬಣ್ಣ ಇಳೀತೈತಿ, ಹಸಿ ಇದ್ದದ್ದನ್ನ ಇಟ್ರ ಬೂಸ್ಟು ಹಿಡಿತೈತಿ. ಮ್ಯಾಲ ಸಾಲದ ಬಡ್ಡಿ ಓಡ್ತಿರತೈತಿ, ಮಗಳ ಮದಿವಿ ಇದ್ರ ಕಾಯಾಕ ಆಗಂಗಿಲ್ಲ. ಇವು ಯಾವೂ ಗೊತ್ತಿಲ್ದ ಬರೇ ಓಆರ್ ಕಲ್ತ ಹುಡುಗಿ ಬೆಲಿ ಮ್ಯಾಲ ಕೆಳಗ ಆಡೋ ಒಂದು ಅಂಕಿ ಅಂತ ಹಿಡದು ಮಾಡೆಲ್ ಬರಿತಾಳ, ಅಗ್ರಿಕಲ್ಚರಲ್ ಎಕನಾಮಿಕ್ಸ್ ಮೈನರ್ ಇದ್ದಾಕಿ ಬಣ್ಣ, ತೇವಾಂಶ, ಬಡ್ಡಿ ಮೂರನ್ನೂ ಮಾಡೆಲ್ ಒಳಗ ತರ್ತಾಳ. 2024ರ ಮಾರ್ಚ್‌ನಾಗ ರೇಟ್ ಕುಸಿದಾಗ ಅದ ಬ್ಯಾಡಗಿಯೊಳಗ ರೈತರ ಸಿಟ್ಟು ಬೆಂಕಿ ಹಚ್ಚೋಮಟಾ ಹೋದದ್ದನ್ನ ನಾವೆಲ್ಲಾ ನೋಡೀವಿ. ಎಷ್ಟು ಮಾಲು ಯಾವ ದಿನ ಬರತೈತಿ, ಎಷ್ಟು ಚೀಲಕ್ಕ ಸ್ಟೋರೇಜ್ ಐತಿ ಅಂತ ಮುಂಚಿತ ಲೆಕ್ಕ ಹಾಕಿ ರೈತರ ಮೊಬೈಲಿಗೆ ಕಳಿಸೋ ಕೆಲಸ ಮಾಡಾಕ ನಮ್ಮ ಕಡೆ ಹುಡುಗ್ರ ಬೇಕಲ್ರಿ, ಅದನ್ನ ಬೆಂಗಳೂರಿನಾಗ ಎಸಿ ರೂಮಿನಾಗ ಕುಂತವ್ರು ಮಾಡತಾರೇನು?

ಉಳಿದವುನ್ನ ಸಣ್ಣಗ ಹೇಳತೀನಿ. ಮುಂದ ಪಿಎಚ್‌ಡಿ ಮಾಡಬೇಕು, ಥಿಯರಿ ಕಡೆ ಹೋಗಬೇಕು ಅನ್ನೋರು ಮ್ಯಾಥ್ಸ್ ಮೈನರ್ ತಗೋರಿ, ರಿಯಲ್ ಅನಾಲಿಸಿಸ್ಸು, ಮೆಷರ್ ಥಿಯರಿ ತನಕ ಪ್ರೊಬಾಬಿಲಿಟಿ ಇಲ್ದ ಅಲ್ಲಿ ಉಸಿರಾಡಾಕ ಆಗಂಗಿಲ್ಲ. ಫೈನಾನ್ಸ್ ಬ್ಯಾಂಕಿಗೆ ಹೋಗೋರಿಗೆ ಬರತೈತಿ. ಸೈಕಾಲಜಿ ಅಂದ್ರ ನಗತಾರ, ನಗಬ್ಯಾಡ್ರಿ, ಪಾಳಿಯೊಳಗ ನಿಂತ ಮಂದಿ ಯಾವಾಗ ಎದ್ದು ಹೋಗತಾರ, ಹೊಸಾ ಡ್ಯೂಟಿ ಚಾರ್ಟನ್ನ ಕೆಲಸಗಾರರು ಯಾಕ ಒಪ್ಪಂಗಿಲ್ಲ ಅನ್ನೋದು ಆ ವಿಷಯದವ್ರಿಗೆ ಗೊತ್ತು. ಮ್ಯಾನೇಜ್‌ಮೆಂಟ್ ಮೈನರ್ ಮಾತ್ರ ನಾನು ಅಷ್ಟು ಹೇಳಂಗಿಲ್ಲ, ಅದರಾಗ ಬರೋ ಇನ್ವೆಂಟರಿ, ಸಪ್ಲೈ ಚೈನ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓಆರ್ ಮೇಜರ್‌ನಾಗ ಇನ್ನೂ ಆಳಕ್ಕ ಬಂದಿರತಾವ, ಅದನ್ನ ಎರಡನೇ ಸಲ ಓದಿದಂಗ ಆಗತೈತಿ.

ಫಾರಂ ತುಂಬೋ ಮೊದ್ಲ ಒಂದು ಕೆಲಸ ಮಾಡ್ರಿ ಅಂತ ನಾನು ಹುಡುಗ್ರಿಗೆ ಹೇಳತೀನಿ. ಮೈನರ್ ಹೆಸರು ನೋಡಬ್ಯಾಡ್ರಿ, ಅದರ ಕೊನೇ ಎರಡು ಕೋರ್ಸ್ ಏನದಾವ ನೋಡ್ರಿ. ಮೊದಲ ಕೋರ್ಸ್ ಎಲ್ಲಾ ಕಡೆ ಪರಿಚಯ ಅಂತ ಇರತೈತಿ, ಕೊನೇವ್ರಾಗ ಗೊತ್ತಾಗತೈತಿ ಅದು ನಿಮ್ಮನ್ನ ಎಲ್ಲಿಗೆ ಮುಟ್ಟಸತೈತಿ ಅಂತ. ಇಂಜಿನಿಯರಿಂಗಿನಾಗ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಹೇಳೋ ಪ್ರಕಾರ ಮೈನರ್ ಅಂದ್ರ 18ರಿಂದ 20 ಹೆಚ್ಚಿನ ಕ್ರೆಡಿಟ್, ಅಂದ್ರ ಐದಾರು ಕೋರ್ಸು, ಅಷ್ಟರಾಗ ಒಂದೋ ಎರಡೋ ಮೇಜರ್‌ನಾಗ ಇದ್ದದ್ದ ಮತ್ತ ಬಂದ್ರ ಉಳಿಯೋದು ಏನು? ಅಮೆರಿಕಾದಾಗ ಕಾರ್ನೆಲ್, ಕೊಲಂಬಿಯಾ, ಬರ್ಕ್ಲಿ ಇಂಥಾ ಕಡೆ ಓಆರ್ ಹೆಸರಿರೋ ವಿಭಾಗ ಅದಾವ, ನಮ್ಮ ದೇಶದಾಗ ದೆಹಲಿ ಯುನಿವರ್ಸಿಟಿಯೊಳಗ ಆಪರೇಷನಲ್ ರಿಸರ್ಚ್ ವಿಭಾಗ, ಐಐಟಿ ಬಾಂಬೆಯೊಳಗ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಕೂಡ ಓಆರ್ ಐತಿ. ಅಲ್ಲಿಗೆ ಹೋಗಬೇಕು ಅನ್ನೋರು ಆ ಕಡೆ ಎಂಎಸ್ಸಿ, ಎಂಟೆಕ್ ಪ್ರವೇಶಕ್ಕ ಏನು ಕೇಳತಾರ ಅಂತ ಮೊದ್ಲ ನೋಡ್ಕೊಂಡು ಆಮ್ಯಾಲ ಮೈನರ್ ಆರಿಸ್ಬೇಕು. ಇನ್ನೊಂದು, ಮೈನರ್ ಕ್ಲಾಸ್ ಟೈಮ್ ನಿಮ್ಮ ಲ್ಯಾಬ್ ಟೈಮಿಗೆ ಬಡೀತೈತೇನು ಅಂತ ಆಫೀಸಿನಾಗ ಕೇಳ್ರಿ, ಎಷ್ಟೋ ಹುಡುಗ್ರು ಇದ ಒಂದ ಕಾರಣಕ್ಕ ಅರ್ಧಕ್ಕ ಬಿಟ್ಟಾರ.

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ, ಇದು ಹುಡುಗ್ರ ಮ್ಯಾಲ ಅಲ್ಲ, ನಮ್ಮ ವ್ಯವಸ್ಥಾದ ಮ್ಯಾಲ. ನಾ ಇಷ್ಟೊತ್ತು ಹೇಳಿದ್ದನ್ನ ಕೇಳಿ ಒಬ್ಬಾಕಿ ಹುಡುಗಿ "ಮೇಡಮ್, ಅಗ್ರಿ ಎಕನಾಮಿಕ್ಸ್ ಓದಬೇಕು ಅನಸ್ತೈತ್ರಿ, ಆದ್ರ ನಮ್ಮ ಕಾಲೇಜಿನಾಗ ಎಲ್ಲೈತ್ರಿ ಅದು?" ಅಂದ್ಲು. ಅಕಿ ಮಾತು ಖರೇ. ಒಂದೊಂದು ಕಾಲೇಜಿನಾಗ ಇರೋ ಮೈನರ್ ಪಟ್ಟಿ ನೋಡಿದ್ರ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ, ಮುಗೀತು. ಹುಡುಗ್ರು ಆರಿಸ್ಕೊಳ್ಳೋದಾದ್ರೂ ಹೆಂಗ?

ಆದ್ರ ಕರ್ನಾಟಕದಾಗ ಬೆಂಗಳೂರು, ಮೈಸೂರು ಬಿಟ್ರ ಇಷ್ಟು ನಮೂನಿ ವಿದ್ಯಾ ಇಷ್ಟು ಹತ್ತರ ಹತ್ತರ ಇರೋ ಊರು ಯಾವುದರ ಐತೇನು ಹೇಳ್ರಿ. ಹುಬ್ಬಳ್ಳಿಯಿಂದ ಧಾರವಾಡಕ್ಕ ಚಿಗರಿ ಬಸ್ ಹತ್ರಿ, ಸುಮಾರು 22 ಕಿಲೋಮೀಟರ್ ದಾರಿ, ವಿದ್ಯಾನಗರದಾಗ ಮೆಡಿಕಲ್ ಕಾಲೇಜು, ಅಲ್ಲೇ ಇಂಜಿನಿಯರಿಂಗ್ ಯುನಿವರ್ಸಿಟಿ, ನವನಗರದಾಗ ಕಾನೂನು ವಿಶ್ವವಿದ್ಯಾಲಯ, ಮುಂದ ಬಂದ್ರ ಕೃಷಿ ವಿಶ್ವವಿದ್ಯಾಲಯ, ಧಾರವಾಡಕ್ಕ ಬಂದ್ರ ಕರ್ನಾಟಕ ವಿಶ್ವವಿದ್ಯಾಲಯದ ಎಕನಾಮಿಕ್ಸು, ಸ್ಟ್ಯಾಟಿಸ್ಟಿಕ್ಸು, ಸೈಕಾಲಜಿ, ಊರ ಹೊರಗ ಐಐಟಿ, ಐಐಐಟಿ. ಗದಗದಾಗ ಗ್ರಾಮೀಣಾಭಿವೃದ್ಧಿ ಮತ್ತ ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಐತಿ. ಓಆರ್ ಹುಡುಗ್ರಿಗೆ ಏನೇನು ಬೇಕೋ ಎಲ್ಲಾ ಐತಿ, ಆದ್ರ ಒಂದರ ಗೇಟಿನ ಒಳಗಿನವ್ರು ಇನ್ನೊಂದರ ಗೇಟ್ ದಾಟಂಗಿಲ್ಲ.

ದಾಟಾಕ ಕಾನೂನಿನ ಅಡ್ಡಿ ಇದ್ದಿದ್ರ ಮಾತು ಬ್ಯಾರೆ. 2021ರಾಗ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂತು, ಒಂದು ಕಡೆ ಗಳಿಸಿದ ಕ್ರೆಡಿಟ್ ಇನ್ನೊಂದು ಕಡೆ ಡಿಗ್ರಿಗೆ ಹಚ್ಚಾಕ ಬರೂ ಹಂಗ. ಅದ ವರ್ಷ ಸ್ವಯಂ ಆನ್‌ಲೈನ್ ಕೋರ್ಸುಗಳಿಂದ 40 ಪರ್ಸೆಂಟ್‌ಮಟಾ ಕ್ರೆಡಿಟ್ ತಗೋಬಹುದು ಅಂತಲೂ ನಿಯಮ ಮಾಡ್ಯಾರ. ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠದ ತಾಣದಾಗ ಐಐಟಿ ಮದ್ರಾಸಿನ ಜಿ. ಶ್ರೀನಿವಾಸನ್ ಅವ್ರ ಓಆರ್ ಪಾಠ ಪುಕಟ್ ಅದಾವ, ನನ್ನ ಹುಡುಗ್ರು ನನ್ನ ಕ್ಲಾಸ್ ಆದ ಮ್ಯಾಲ ಅವ್ನ ನೋಡತಾರ, ನಾನ ನೋಡ್ರಿ ಅಂತ ಕಳಸ್ತೀನಿ. ನಮ್ಮ ರಾಜ್ಯದಾಗ 2021ರಾಗ ಎನ್ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಎಲ್ಲಾರ್ಕಿಂತ ಮೊದ್ಲ ತಂದು 2024ರಾಗ ನಾಕು ವರ್ಷದ ಡಿಗ್ರಿ ಬಿಟ್ಟು ಮತ್ತ ಮೂರು ವರ್ಷಕ್ಕ ಹೊಳ್ಳಿದ್ವಿ, ಆ ಗದ್ದಲದಾಗ ಬಿಎಸ್ಸಿ ಹುಡುಗ್ರಿಗೆ ಯಾವ ವಿಷಯದ ಜೋಡಿ ಯಾವ ವಿಷಯ ಅನ್ನೋದ ತಿಳಿಯದಂಗ ಆಗೈತಿ, ಪಾಪ ಒಂದ ಮನಿಯೊಳಗ ಅಕ್ಕಂದು ಒಂದು ನಮೂನಿ, ತಂಗಿದು ಒಂದು ನಮೂನಿ. ಪಾಲಿಸಿ ಯಾವುದ ಇರಲಿ, ನಾ ಅದರ ಪರ-ವಿರೋಧ ಮಾತಾಡವಲ್ಲೆ, ಕೃಷಿ ವಿವಿ ಕ್ಲಾಸಿನ ಹಿಂದಿನ ಬೆಂಚಿನ ಮ್ಯಾಲ ಹತ್ತು ಮಂದಿ ಹೊರಗಿನ ಹುಡುಗ್ರು ಕುಂದ್ರಾಕ ಯಾವ ಪಾಲಿಸಿಯೂ ಬ್ಯಾಡ ಅನ್ನಂಗಿಲ್ಲ.

ಅದಕ್ಕ ನಮ್ಮ ಅವಳಿ ನಗರದ ಎಲ್ಲಾ ಕುಲಪತಿಗಳಿಗೆ, ಡೈರೆಕ್ಟರ್‌ಗಳಿಗೆ ನಿಮ್ಮ ಪೇಪರ್ ಮೂಲಕ ಕೈಮುಗದು ಕೇಳೋದು ಏನಂದ್ರ, ಎಲ್ಲಾರೂ ಒಂದ ಕಡೆ ಕೂಡಿ ಒಂದೊಂದು ವಿಶ್ವವಿದ್ಯಾಲಯ ಐದೈದು ಕೋರ್ಸ್ ಹೊರಗಿನ ಹುಡುಗ್ರಿಗೆ ತೆರೀರಿ. ಕೃಷಿ ಮಾರುಕಟ್ಟಿ, ಕಾರ್ಮಿಕ ಕಾನೂನು, ಆಸ್ಪತ್ರೆ ಆಡಳಿತ, ಪಂಚಾಯ್ತಿ ಹಣಕಾಸು, ಟೈಮ್ ಸೀರೀಸ್, ಅಲ್ಗಾರಿದಮ್ಸ್, ಇಂಥಾವು. ವಾರದಾಗ ಒಂದು ಮಧ್ಯಾಹ್ನ, ಶನಿವಾರ ಆದ್ರೂ ನಡದೀತು, ಎಲ್ಲಾ ಕಡೆ ಅದ ಹೊತ್ತಿಗೆ ಈ ಕೋರ್ಸ್ ಇಡ್ರಿ, ಅಂದ್ರ ಲ್ಯಾಬಿಗೆ ಬಡಿಯಂಗಿಲ್ಲ. ಹುಡುಗ್ರ ಬಸ್ ಪಾಸ್ ಇದ್ದ ಐತಿ. ಪರೀಕ್ಷಾ ಶುಲ್ಕ ಎರಡು ಕಡೆ ತಗೋಬ್ಯಾಡ್ರಿ. ಮತ್ತ ಪಟ್ಟಿಯನ್ನ ಅಡ್ಮಿಷನ್‌ಕಿಂತ ಮೊದ್ಲ ಹಾಕ್ರಿ, ಸೆಮಿಸ್ಟರ್ ಶುರು ಆಗಿ ಮೂರು ವಾರದ ಮ್ಯಾಲ ನೋಟಿಸ್ ಬೋರ್ಡಿಗೆ ಹಚ್ಚಿದ್ರ ಯಾರಿಗೂ ಉಪಯೋಗ ಇಲ್ಲ.

ಸಂಪಾದಕರ, ನಿಮಗೂ ಒಂದು ವಿನಂತಿ ಐತ್ರಿ. ನಿಮ್ಮ ವರದಿಗಾರರನ್ನ ಈ ಎಲ್ಲಾ ಕ್ಯಾಂಪಸ್ಸಿಗೆ ಕಳಿಸಿ, ಬ್ಯಾರೆ ಸಂಸ್ಥಾದ ಹುಡುಗ್ರಿಗೆ ಈ ವರ್ಷ ಯಾವ್ಯಾವ ಕೋರ್ಸ್ ತೆರೀತೀರಿ ಅಂತ ಕೇಳಸ್ರಿ, ಅವ್ರು ಹೌದು ಅಂದ್ರೂ ಇಲ್ಲ ಅಂದ್ರೂ ಹೆಸರು ಸಮೇತ ಇದ ಅಂಕಣದಾಗ ಹಾಕ್ರಿ.

ಇತಿ ನಿಮ್ಮ ಓದುಗಳು,
ಒಬ್ಬ ಸ್ಟ್ಯಾಟಿಸ್ಟಿಕ್ಸ್ ಉಪನ್ಯಾಸಕಿ
ಸಪ್ತಾಪುರ, ಧಾರವಾಡ